ಬಾನಿನಲ್ಲಿ ಮಾತು ಬರಹವಾದ ಬಗೆ

ನಮ್ಮ ಮನೆಗಳ ಮಕ್ಕಳು ಇಂದು ದೂರದೇಶಗಳಲ್ಲಿ ನೆಲೆಸಿದ್ದಾರೆ. ಅವರು ವಿಮಾನವೇರಿದರೆಂದರೆ, ಕ್ಷೇಮವಾಗಿ ಇಳಿದ ಸುದ್ದಿ ಬರುವವರೆಗೂ ಹಿರಿಯರಿಗೆ ನೆಮ್ಮದಿಯಿಲ್ಲ. ಆ ಕ್ಷೇಮವು ಯಂತ್ರಬಲವೊಂದನ್ನೇ ಅವಲಂಬಿಸಿಲ್ಲ. ಚಾಲಕನಿಗೂ ನೆಲದ ಮೇಲಿನ ಸಂಚಾರ ನಿಯಂತ್ರಕನಿಗೂ ನಡುವಣ ಮಾತನ್ನೂ ಅವಲಂಬಿಸಿದೆ ಎಂಬುದನ್ನು ನಾವು ಅರಿಯಬೇಕು.

ಈ ಸಂಭಾಷಣೆ ಬಹುಕಾಲದಿಂದ ರೇಡಿಯೋ ಧ್ವನಿಯ ಮೂಲಕ ನಡೆದುಬಂದಿದೆ. ಒಂದು ವಲಯದ ವಿಮಾನಗಳೆಲ್ಲ ಒಂದೇ ತರಂಗವನ್ನು ಹಂಚಿಕೊಳ್ಳುತ್ತವೆ. ಒಬ್ಬರು ನುಡಿಯುವಾಗ ಉಳಿದವರು ಮೌನವಾಗಿರಬೇಕು. ಇಬ್ಬರು ಏಕಕಾಲಕ್ಕೆ ನುಡಿದರೆ ಕರ್ಕಶ ನಾದವೇ ಕೇಳಿಸೀತು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಆದದ್ದು ಇದೇ. ಮಂಜು ಮುಸುಕಿದ ಓಡುದಾರಿಯಲ್ಲಿ ಎರಡು ಜಂಬೋ ವಿಮಾನಗಳಿದ್ದವು. ಕಾಯಬೇಕೆಂಬ ನಿಯಂತ್ರಕನ ಮಾತೂ, ತಾವಿನ್ನೂ ಓಡುದಾರಿಯಲ್ಲೇ ಇರುವುದಾಗಿ ಒಂದು ವಿಮಾನದವರು ಹೇಳಿದ ಮಾತೂ ಒಂದರ ಮೇಲೊಂದು ಬಿದ್ದವು. ಹಾರಲು ಓಡತೊಡಗಿದ್ದ ಇನ್ನೊಂದು ವಿಮಾನದವರಿಗೆ ಅವು ಸ್ಪಷ್ಟವಾಗಲಿಲ್ಲ. 583 ಜನರು ಅಸುನೀಗಿದರು. 1996ರ ನವೆಂಬರ್ 12ರಂದು ನಮ್ಮ ದೇಶದ ಚರ್ಖಿ ದಾದ್ರಿಯ ಬಾನಿನಲ್ಲಿ, 15,000 ಅಡಿ ಎತ್ತರದಲ್ಲಿ ನಿಲ್ಲಬೇಕಿದ್ದ ವಿಮಾನವು ಅದಕ್ಕೂ ಕೆಳಗಿಳಿದು ಮತ್ತೊಂದಕ್ಕೆ ಡಿಕ್ಕಿಯಾಗಿ 349 ಜನರು ಮಡಿದರು.

ಧ್ವನಿಗೆ ಜೊತೆಯಾಗಿ ಬಂದಿರುವುದೇ ಅಂಕೀಯ ಸಂದೇಶಪದ್ಧತಿ, ಅಂದರೆ ಡೇಟಾಲಿಂಕ್. ನಿಯಂತ್ರಕನು ಸಿದ್ಧ ವಾಕ್ಯವೊಂದನ್ನು ಆರಿಸಿ, ಏರಬೇಕಾದ ಎತ್ತರವನ್ನೋ ಹಿಡಿಯಬೇಕಾದ ಮಾರ್ಗವನ್ನೋ ಅದರಲ್ಲಿ ತುಂಬಿ ಕಳುಹಿಸುತ್ತಾನೆ. ಅದು ಉದ್ದೇಶಿತ ವಿಮಾನದ ಪರದೆಯ ಮೇಲೆ ಮಾತ್ರ ಅಕ್ಷರರೂಪದಲ್ಲಿ ಮೂಡುತ್ತದೆ. ಪಾಲಿಸುವೆ, ಆಗದು, ತಾಳಿ ಎಂಬಂಥ ಗೊತ್ತಾದ ಉತ್ತರವನ್ನು ಚಾಲಕನು ಗುಂಡಿ ಒತ್ತಿ ಮರಳಿಸುತ್ತಾನೆ. ಉಚ್ಚಾರಭೇದದ ತೊಡಕಿಲ್ಲ, ಸಂಶಯವಾದರೆ ಮತ್ತೆ ಓದಬಹುದು.

ಸಾಮಾನ್ಯ ವಿಮಾನ ರೇಡಿಯೋ ಅಲೆಗಳು ನೇರವಾಗಿ ಸಾಗುವುದರಿಂದ ನಡುಗಡಲನ್ನು ಮುಟ್ಟಲಾರವು. ದೂರ ಸಾಗುವ ಅಲೆಗಳಲ್ಲಿ ಗದ್ದಲ ಹೆಚ್ಚು. ಆದಕಾರಣ 1995ರಲ್ಲಿ ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಬೋಯಿಂಗ್ 747-400 ವಿಮಾನಗಳು ಉಪಗ್ರಹದ ಮೂಲಕ ಈ ಪದ್ಧತಿಯನ್ನು ಬಳಕೆಗೆ ತಂದವು. ಯುರೋಪಿನಲ್ಲಿ 28,500 ಅಡಿಗಿಂತ ಮೇಲೆ ಹಾರುವ ಹೆಚ್ಚಿನ ವಿಮಾನಗಳಿಗೆ 2020ರ ಫೆಬ್ರುವರಿಯಿಂದ ಇದು ಕಡ್ಡಾಯ. ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರಗಳ ಮೇಲೂ ಇದು ಬಳಕೆಯಲ್ಲಿದೆ.

ಆದರೂ ಬರಹವು ಧ್ವನಿಯನ್ನು ಪೂರ್ಣವಾಗಿ ತೊಲಗಿಸಿಲ್ಲ. ಬರೆಯಲು, ಓದಲು, ಉತ್ತರಿಸಲು ಕಾಲ ಬೇಕು. ನೆಲ ಹತ್ತಿರವಾದಾಗಲೂ ಆಪತ್ತು ಒದಗಿದಾಗಲೂ ಧ್ವನಿಯೇ ಗತಿ. ಅಲ್ಲದೆ ಒಂದೇ ತರಂಗದಲ್ಲಿ ನೆರೆಯ ವಿಮಾನದ ಮಾತು ಕಿವಿಗೆ ಬಿದ್ದು ದೊರೆಯುತ್ತಿದ್ದ ಎಚ್ಚರಿಕೆ ಬರಹದಲ್ಲಿ ದೊರೆಯದು.

ಧ್ವನಿಯಲ್ಲಿ ಪಡೆದ ಆದೇಶವನ್ನು ಚಾಲಕನು ಮರುನುಡಿಯಲೇಬೇಕೆಂಬ ನಿಯಮವಿದೆ. ಅದು ಸರಿಯೇ ಎಂದು ನಿಯಂತ್ರಕನು ಕೇಳಿಸಿಕೊಳ್ಳಲೇಬೇಕು. ಹೇಳಿದರೆ ಸಾಲದು, ಮುಟ್ಟಿತೇ ಎಂದು ನೋಡಬೇಕು. ಔಷಧದ ಪ್ರಮಾಣ, ಹಣದ ಲೆಕ್ಕ, ಪ್ರಯಾಣದ ವೇಳೆ ಇಂಥ ವಿಷಯಗಳಲ್ಲಿ ನಮ್ಮ ಮನೆಗಳೂ ಈ ರೂಢಿಯನ್ನು ಕೈಗೊಂಡರೆ ಎಷ್ಟೋ ಅನರ್ಥಗಳು ತಪ್ಪಿಯಾವು.