ನಿಮ್ಮ ಮಗು ಚಿತ್ರ ಬಿಡಿಸುವುದನ್ನು ನಿಲ್ಲಿಸಿದೆಯೇ? ಶಾಲೆ ಮತ್ತು ಮನೆಯಲ್ಲಿ ಸೃಜನಶೀಲತೆ ಉಳಿಸುವುದು ಹೇಗೆ

ಮೂರು ವರ್ಷದ ಮಗುವಿನ ಕೈಗೆ ಕ್ರೇಯಾನ್ ಕೊಟ್ಟರೆ ಮನೆಯ ಗೋಡೆ ಉಳಿಯುವುದಿಲ್ಲ. ಅದೇ ಮಗು ಏಳನೇ ತರಗತಿಗೆ ಬರುವಷ್ಟರಲ್ಲಿ "ನನಗೆ ಡ್ರಾಯಿಂಗ್ ಬರಲ್ಲ" ಎನ್ನುತ್ತದೆ. ನಡುವೆ ಏನಾಯಿತು? ದೊಡ್ಡವರಾಗುತ್ತಾ ಮಕ್ಕಳು ತಮ್ಮನ್ನು ಇತರರ ಜೊತೆ ಹೋಲಿಸಿಕೊಳ್ಳಲು ಶುರು ಮಾಡುತ್ತಾರೆ, ಇದು ಸಹಜ. ಆದರೆ ಅಂಕ, ಬಹುಮಾನ, ಸ್ಪರ್ಧೆಗಳ ಬಗ್ಗೆ ನಾವು ನಡೆದುಕೊಳ್ಳುವ ರೀತಿಯೂ ಇದಕ್ಕೆ ಕಾರಣವಾಗಬಹುದು.

ಸೃಜನಶೀಲತೆ ಎಂದರೇನು?

ಹಾಡು, ಚಿತ್ರ, ನೃತ್ಯ ಮಾತ್ರವಲ್ಲ. ಗೊತ್ತಿರುವ ಸಂಗತಿಗಳನ್ನು ಹೊಸ ರೀತಿಯಲ್ಲಿ ಜೋಡಿಸಿ, ಆ ಸಂದರ್ಭಕ್ಕೆ ಒಪ್ಪುವಂಥದ್ದನ್ನು ಹುಟ್ಟಿಸುವುದೇ ಸೃಜನಶೀಲತೆ. ಟೀಚರ್ ಹೇಳಿಕೊಡದ ದಾರಿಯಲ್ಲಿ ಲೆಕ್ಕ ಬಿಡಿಸುವ ಮಗುವೂ ಸೃಜನಶೀಲವೇ. ಇದು ಕೆಲವರಿಗೆ ಮಾತ್ರ ಹುಟ್ಟಿನಿಂದ ಬರುವ ವರವಲ್ಲ, ಅಭ್ಯಾಸ ಮತ್ತು ವಾತಾವರಣದಿಂದ ಬೆಳೆಯುವ ಗುಣ.

ಬಹುಮಾನದ ಆಸೆ ಏನು ಮಾಡುತ್ತದೆ?

1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಮೊದಲ ಗುಂಪಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ" ಎಂದು ಮುಂಚೆಯೇ ಹೇಳಲಾಯಿತು. ಎರಡನೆಯದಕ್ಕೆ ಏನೂ ಹೇಳದೆ, ಕೊನೆಗೆ ಅದೇ ಪತ್ರ ಕೊಡಲಾಯಿತು. ಮೂರನೆಯದಕ್ಕೆ ಏನೂ ಸಿಗಲಿಲ್ಲ.

ಒಂದೆರಡು ವಾರಗಳ ನಂತರ, ಬಿಡುವಿನ ವೇಳೆಯಲ್ಲಿ ಯಾರು ಎಷ್ಟು ಹೊತ್ತು ಚಿತ್ರ ಬಿಡಿಸುತ್ತಾರೆಂದು ಗಮನಿಸಲಾಯಿತು. ಬಹುಮಾನದ ಭರವಸೆ ಪಡೆದಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಮಯ ಮಾತ್ರ ಚಿತ್ರ ಬಿಡಿಸಿದರು. ಅನಿರೀಕ್ಷಿತವಾಗಿ ಪತ್ರ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. "ಇಷ್ಟವೆಂದು ಮಾಡುತ್ತೇನೆ" ಎಂಬ ಭಾವನೆ "ಬಹುಮಾನಕ್ಕಾಗಿ ಮಾಡುತ್ತೇನೆ" ಎಂದು ಬದಲಾದರೆ, ಬಹುಮಾನವಿಲ್ಲದಾಗ ಕೆಲಸವೂ ನಿಲ್ಲುತ್ತದೆ ಎಂಬುದು ಸಂಶೋಧಕರ ವಿವರಣೆ.

ಹಾಗೆಂದು ಮೆಚ್ಚುಗೆಯೇ ಬೇಡ ಎಂದಲ್ಲ. ಮಗು ಖುಷಿಯಿಂದ ಮಾಡುತ್ತಿರುವ ಕೆಲಸಕ್ಕೆ ಮುಂಚಿತವಾಗಿ ಬೆಲೆ ಕಟ್ಟಬೇಡಿ, ಅಷ್ಟೇ.

ಆರೋಗ್ಯಕ್ಕೆ ಏನು ಸಂಬಂಧ?

ಕಲೆ ಮತ್ತು ಆರೋಗ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ ವರದಿ ಹೊರತಂದಿತು. ಕಲಾ ಚಟುವಟಿಕೆಗಳು ಮಾನಸಿಕ ಆರೋಗ್ಯಕ್ಕೂ ಮಕ್ಕಳ ಬೆಳವಣಿಗೆಗೂ ನೆರವಾಗಬಲ್ಲವು ಎಂದು ಅದು ಹೇಳುತ್ತದೆ. ಮಾತಿನಲ್ಲಿ ಹೇಳಲಾಗದ ಕೋಪ, ಭಯ, ದುಃಖವನ್ನು ಹದಿಹರೆಯದವರು ಬಣ್ಣದಲ್ಲೋ ಹಾಡಿನಲ್ಲೋ ಹೊರಹಾಕಬಹುದು. ಆದರೆ ಇದು ಚಿಕಿತ್ಸೆಗೆ ಬದಲಿಯಲ್ಲ.

ಶಾಲೆಯಲ್ಲಿ ಏನು ಕೇಳಬೇಕು?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ ಮತ್ತು ವಿಜ್ಞಾನದ ನಡುವೆ, ಪಠ್ಯ ಮತ್ತು ಪಠ್ಯೇತರ ಚಟುವಟಿಕೆಗಳ ನಡುವೆ ಕಟ್ಟುನಿಟ್ಟಿನ ಗೋಡೆ ಬೇಡ ಎನ್ನುತ್ತದೆ. ಹಾಗಾಗಿ ಮುಂದಿನ ಪೋಷಕರ ಸಭೆಯಲ್ಲಿ ಈ ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿ:

• ಪರೀಕ್ಷೆ ಹತ್ತಿರ ಬಂದಾಗ ಡ್ರಾಯಿಂಗ್, ಸಂಗೀತದ ಪೀರಿಯಡ್ ಗಣಿತಕ್ಕೆ ಹೋಗುತ್ತಿದೆಯೇ?
• ಮಗು ತನ್ನದೇ ಮಾತಿನಲ್ಲಿ ಬರೆದ ಸರಿ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತದೆಯೇ?
• ಪ್ರಾಜೆಕ್ಟ್ ಮಕ್ಕಳೇ ಮಾಡುತ್ತಾರೆಯೇ, ಅಥವಾ ಪೋಷಕರು ಮಾಡಿಕೊಡುವುದು ರೂಢಿಯಾಗಿದೆಯೇ?

ಮೂರನೆಯ ಪ್ರಶ್ನೆಯನ್ನು ನಾವು ನಮಗೂ ಕೇಳಿಕೊಳ್ಳಬೇಕು. ಮಗು ಸೊಟ್ಟಗೆ ಅಂಟಿಸಿದ ಚಾರ್ಟ್ ಸೊಟ್ಟಗೇ ಶಾಲೆಗೆ ಹೋಗಲಿ.

ಮನೆಯಲ್ಲಿ ಏನು ಮಾಡಬಹುದು?

• "ತುಂಬಾ ಚೆನ್ನಾಗಿದೆ" ಎಂದಷ್ಟೇ ಹೇಳಿ ಮುಗಿಸುವ ಬದಲು "ಈ ಮರ ನೀಲಿ ಯಾಕೆ?" ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳಿ.
• ದಿನದಲ್ಲಿ ಸ್ವಲ್ಪ ಹೊತ್ತು ಟ್ಯೂಷನ್, ಕ್ಲಾಸ್, ಮೊಬೈಲ್ ಯಾವುದೂ ಇರದಿರಲಿ. "ಬೋರ್ ಆಗ್ತಿದೆ" ಎಂದರೆ ತಕ್ಷಣ ಏನಾದರೂ ಹುಡುಕಿಕೊಡಬೇಡಿ.
• ಪುಣೆ, ಚೆನ್ನೈ, ದೆಹಲಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಎರಡು ಮೂರು ಭಾಷೆಗಳ ಸಂಪತ್ತಿದೆ. ಊರಿನ ಅಜ್ಜಿಗೆ ವಿಡಿಯೋ ಕಾಲ್ ಮಾಡಿದಾಗ ಒಂದು ಒಗಟು ಕೇಳಿಸಿ, ಮುಂದಿನ ವಾರ ಮಗುವೇ ಒಂದು ಒಗಟು ಕಟ್ಟಲಿ. ನಡುವೆ ಮರಾಠಿ, ಇಂಗ್ಲಿಷ್ ಪದ ಬಂದರೆ ತಿದ್ದಲು ಅವಸರ ಬೇಡ.

ಯಾವಾಗ ಎಚ್ಚರ ವಹಿಸಬೇಕು?

ಆಸಕ್ತಿ ಚಿತ್ರದಿಂದ ಕ್ರಿಕೆಟ್‌ಗೆ ಬದಲಾದರೆ ಚಿಂತೆ ಬೇಡ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ಇಷ್ಟದ ಎಲ್ಲ ಕೆಲಸಗಳಿಂದಲೂ ದೂರ ಉಳಿದು, ನಿದ್ದೆ, ಊಟ, ಸ್ನೇಹಿತರ ಒಡನಾಟವೂ ಏರುಪೇರಾದರೆ ಅದು ಖಿನ್ನತೆಯ ಲಕ್ಷಣವಾಗಿರಬಹುದು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಬೇರೆ ರಾಜ್ಯದಲ್ಲಿದ್ದರೂ ಕನ್ನಡದಲ್ಲಿ ಮಾತನಾಡಬೇಕೆಂದು ಕೇಳಿ.