ರಸ್ತೆಗೂ ಹೊತ್ತಿಗೆ ತಕ್ಕ ಬೆಲೆ



ಸಿಂಗಪುರದಲ್ಲಿ ಕಾರು ಇಟ್ಟುಕೊಂಡವರಿಗೆಲ್ಲ ಇ.ಆರ್.ಪಿ. ಕಮಾನಿನ ಪರಿಚಯ ಚೆನ್ನಾಗಿಯೇ ಇದೆ. ಕೆಳಗೆ ಹಾದುಹೋದಾಗ ಹಣ ಕಡಿತವಾಗುತ್ತದೆ, ನಾವು ಗೊಣಗುತ್ತೇವೆ. ಆ ಹಣಕ್ಕೆ ಪ್ರತಿಯಾಗಿ ಊರಿಗೆ ದಕ್ಕಿದ್ದೇನು ಎಂದು ಸ್ವಲ್ಪ ಲೆಕ್ಕ ಹಾಕೋಣ.

ಇದು ಶುರುವಾದದ್ದು 1975ರ ಜೂನ್ ತಿಂಗಳಲ್ಲಿ. ಬೆಳಗಿನ ಹೊತ್ತು ನಗರದ ನಡುಭಾಗಕ್ಕೆ ಬರುವ ಕಾರುಗಳು ದಿನಕ್ಕೆ 3 ಡಾಲರಿನ ಕಾಗದದ ಪರವಾನಗಿಯನ್ನು ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು. ಸಿಬ್ಬಂದಿ ನಿಂತು ಕಣ್ಣಿನಿಂದಲೇ ಪರೀಕ್ಷಿಸುತ್ತಿದ್ದರು. ಕಾರಿನಲ್ಲಿ ನಾಲ್ವರಿದ್ದರೆ ಶುಲ್ಕವಿಲ್ಲ. ಆ ಹೊತ್ತಿನ ವಾಹನಗಳು ಸುಮಾರು ಶೇಕಡಾ 45ರಷ್ಟು ಕಡಿಮೆಯಾದವು. 1998ರಲ್ಲಿ ಕಾಗದದ ಜಾಗಕ್ಕೆ ರೇಡಿಯೋ ತರಂಗ ಬಂತು. ಜಾಗ, ಹೊತ್ತು ನೋಡಿ ದರ ಬದಲಿಸುವುದು ಸಾಧ್ಯವಾಯಿತು. ಹೆದ್ದಾರಿಯಲ್ಲಿ ಗಂಟೆಗೆ 45ರಿಂದ 65 ಕಿಲೋಮೀಟರ್, ಮುಖ್ಯ ಬೀದಿಗಳಲ್ಲಿ 20ರಿಂದ 30 ಎಂಬುದು ವೇಗದ ಗುರಿ. ಅದಕ್ಕಿಂತ ನಿಧಾನವಾದರೆ ದರ ಏರುತ್ತದೆ, ಸರಾಗವಾದರೆ ಇಳಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಕೊರೋನಾದಿಂದ ರಸ್ತೆಗಳು ಬರಿದಾದಾಗ ಶುಲ್ಕವನ್ನೇ ನಿಲ್ಲಿಸಿದ್ದರು.

ನಾನು ರಸಾಯನಶಾಸ್ತ್ರದವನು, ನನಗೆ ಹೊಳೆಯುವುದು ಉಪ್ಪುನೀರಿನ ಉದಾಹರಣೆ. ನೀರಿಗೆ ಉಪ್ಪು ಹಾಕುತ್ತ ಹೋದರೆ ಒಂದು ಮಿತಿಯವರೆಗೆ ಕರಗುತ್ತದೆ, ಆಮೇಲೆ ಹಾಕಿದ್ದು ತಳದಲ್ಲಿ ಕೂರುತ್ತದೆ. ರಸ್ತೆಯ ಪಾಡು ಇನ್ನೂ ಕಷ್ಟ. ಮಿತಿ ಮೀರಿದ ಮೇಲೆ ಬಂದ ಗಾಡಿ ತಾನೂ ನಿಲ್ಲುತ್ತದೆ, ಹಿಂದಿನ ನೂರು ಗಾಡಿಗಳನ್ನೂ ನಿಲ್ಲಿಸುತ್ತದೆ. ಆ ನಷ್ಟಕ್ಕೆ ಯಾರೂ ಬೆಲೆ ತೆರುವುದಿಲ್ಲ. 1950ರ ದಶಕದಲ್ಲೇ ಇದನ್ನು ವಾದಿಸಿದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1996ರಲ್ಲಿ ನೊಬೆಲ್ ಪಡೆದರು.

ಲಾಭ ಬರೀ ಖಜಾನೆಗಲ್ಲ. ಬಂದರಿನಿಂದ ಹೊರಟ ಲಾರಿ ಹೇಳಿದ ಹೊತ್ತಿಗೆ ತಲುಪಿದರೆ ಅದೇ ದಿನ ಇನ್ನೊಂದು ಸುತ್ತು ಹೊಡೆಯಬಹುದು. ಏರ್‌ಕಾನ್ ರಿಪೇರಿಯವನು ಇನ್ನೊಂದು ಮನೆಯ ಕೆಲಸ ಮುಗಿಸಬಹುದು. ಕಾರೇ ಇಲ್ಲದವರ ಬಸ್ಸೂ ಬೇಗ ಬರುತ್ತದೆ.

ಆದರೆ ಕಮಾನೊಂದೇ ಈ ಕೆಲಸ ಮಾಡಲಿಲ್ಲ. ಮೊದಮೊದಲು ಬೆಳಿಗ್ಗೆ ಮಾತ್ರ ಶುಲ್ಕವಿದ್ದದ್ದರಿಂದ ಸಂಜೆಯ ದಟ್ಟಣೆ ಉಳಿದೇ ಇತ್ತು; ಸಂಜೆಗೂ ಶುಲ್ಕ ಬಂದದ್ದು 1989ರಲ್ಲಿ. 1987ರಲ್ಲಿ ಎಂ.ಆರ್.ಟಿ. ರೈಲು ಓಡಿತು. 1990ರಿಂದ ಹೊಸ ಗಾಡಿಗಳ ಸಂಖ್ಯೆಗೇ ಮಿತಿ ಬಿತ್ತು.

ರಜೆಗೆ ಬೆಂಗಳೂರಿಗೆ ಹೋಗಿಬಂದ ನಮ್ಮವರು "ಅಲ್ಲೂ ಇಂಥದ್ದು ಹಾಕಬೇಕು" ಎನ್ನುವುದುಂಟು. ತಂತ್ರಜ್ಞಾನಕ್ಕೆ ಅಲ್ಲಿ ಬರವಿಲ್ಲ. ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ 2021ರಲ್ಲೇ ಕಡ್ಡಾಯವಾಯಿತು. ಆದರೆ ಅದು ರಸ್ತೆಯ ಬಾಡಿಗೆ, ದಟ್ಟಣೆಯ ಬೆಲೆಯಲ್ಲ. ಪೀಣ್ಯದ ಕಾರ್ಖಾನೆಗೆ ಸ್ಕೂಟರಿನಲ್ಲಿ ಹೋಗುವವನಿಗೆ ಬದಲಿ ಬಸ್ಸಿಲ್ಲದಿದ್ದರೆ ಆ ಶುಲ್ಕ ಅವನ ಮಧ್ಯಾಹ್ನದ ಊಟವನ್ನೇ ಕಿತ್ತುಕೊಂಡಂತೆ. ಆದ್ದರಿಂದ ನನ್ನ ಮತ ಇಷ್ಟೇ: ಬಸ್ಸು ಮೊದಲು, ಕಮಾನು ಆಮೇಲೆ.

ಬೇರೆ ಅಭಿಪ್ರಾಯವಿದ್ದವರು ಮುಂದಿನ ಸಂಚಿಕೆಗೆ ಅವಶ್ಯವಾಗಿ ಬರೆಯಿರಿ.