ಮಾಲೆ ಬಿದ್ದ ಮೇಲೆ ಅವನು ‘ಸ್ವಾಮಿ’

ನವೆಂಬರ್ ನಡುವಿಗೆ ವೃಶ್ಚಿಕ ಮಾಸ ಹುಟ್ಟುತ್ತಿದ್ದಂತೆ ನಮ್ಮ ಊರುಗಳಲ್ಲಿ ಕಪ್ಪು ಪಂಚೆಗಳು ಕಾಣತೊಡಗುತ್ತವೆ. ಡಾಕ್ಟರು ಹೆದರಿಸಿ, ಹೆಂಡತಿ ಅತ್ತು ಕರೆದರೂ ಬಿಡದ ಬೀಡಿ, ಬಾಟಲಿ ಎರಡನ್ನೂ ಆಟೋ ಓಡಿಸುವವನೊಬ್ಬ ಒಂದೇ ಬೆಳಿಗ್ಗೆ ಬಿಟ್ಟುಬಿಡುತ್ತಾನೆ. ನಸುಕಿಗೇ ತಣ್ಣೀರಿನ ಸ್ನಾನ, ಬರಿಗಾಲು, ಚಾಪೆಯ ಮೇಲೆ ನಿದ್ದೆ, ಮನೆಯಲ್ಲಿ ಬಾಡೂಟ ಬಂದ್. ಕಟ್ಟುನಿಟ್ಟಿನವರಿಗೆ ಪೂರ್ತಿ 41 ದಿನ.

ಭಕ್ತಿ ಇದೆ, ಅಯ್ಯಪ್ಪನ ಭಯವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ನನಗೆ ಕುತೂಹಲವಿರುವುದು ಅವನನ್ನು ಕರೆಯುವ ರೀತಿಯಲ್ಲಿ. ಕೊರಳಿಗೆ ಮಾಲೆ ಬಿದ್ದಿದ್ದೇ ತಡ, ಅವನ ಹೆಸರು ಮಾಯ. ಹೆತ್ತ ತಾಯಿಗೂ ಅವನು ‘ಸ್ವಾಮಿ’, ಸಾಲ ಕೊಟ್ಟವನಿಗೂ ‘ಸ್ವಾಮಿ’. ನಿನ್ನೆಯವರೆಗೆ ‘ಬಾರಲೇ’ ಎಂದು ಬಾರಿಗೆ ಎಳೆದೊಯ್ಯುತ್ತಿದ್ದ ಗೆಳೆಯನೇ ಇವತ್ತು ‘ಸ್ವಾಮಿ, ಟೀ ಕುಡೀತೀರಾ?’ ಎನ್ನುತ್ತಾನೆ. ಬಾಯಿತಪ್ಪಿ ಒಂದು ಬೈಗುಳ ಬಂತೋ, ‘ಏನ್ ಸ್ವಾಮಿ, ಮಾಲೆ ಹಾಕ್ಕೊಂಡು ಹಿಂಗಾ ಮಾತಾಡೋದು?’ ಇಡೀ ಬೀದಿಯೇ ಕಾವಲಿಗೆ ನಿಂತಿರುತ್ತದೆ.

ಹೆಸರಿನ ಈ ಬಲವನ್ನು ಅಮೆರಿಕದ ಮನೋವಿಜ್ಞಾನಿಗಳೂ ಅಳೆಯಲು ಹೊರಟಿದ್ದರು. ಚುನಾವಣೆಗೆ ಮುನ್ನ ಕೆಲವರಿಗೆ ‘ಮತ ಹಾಕುವುದರ’ ಬಗ್ಗೆ, ಕೆಲವರಿಗೆ ‘ಮತದಾರರಾಗುವುದರ’ ಬಗ್ಗೆ ಪ್ರಶ್ನೆ ಕೇಳಿದರು. ಎರಡನೆಯ ಗುಂಪಿನವರೇ ಹೆಚ್ಚಾಗಿ ಮತ ಹಾಕಿದರು ಎಂದು 2011ರಲ್ಲಿ ಕ್ರಿಸ್ಟೋಫರ್ ಬ್ರಯಾನ್ ಮತ್ತು ಸಂಗಡಿಗರು ಬರೆದರು. 2016ರಲ್ಲಿ ಮತ್ತೊಂದು ತಂಡ ಇನ್ನೂ ಹೆಚ್ಚು ಜನರನ್ನು ಹಿಡಿದು ನೋಡಿದಾಗ ಆ ಪರಿಣಾಮ ಕಾಣಲಿಲ್ಲ. ನನಗೇನೂ ಆಶ್ಚರ್ಯವಿಲ್ಲ. ಪ್ರಶ್ನಾವಳಿಯಲ್ಲಿ ಓದಿದ ಹೆಸರಿಗೆ ಕಪ್ಪು ಪಂಚೆ ಎಲ್ಲಿಂದ ಬರಬೇಕು, ಬೀದಿ ಎಲ್ಲಿಂದ ಬರಬೇಕು?

ತೊಡಕಿರುವುದು ವಾಯಿದೆಯಲ್ಲಿ. ಶಬರಿಮಲೆ ಹತ್ತಿಳಿದು ಮಾಲೆ ತೆಗೆದವನನ್ನು ಬೀದಿ ಮತ್ತೆ ಹಳೆಯ ಹೆಸರಿನಲ್ಲಿ ಕೂಗುತ್ತದೆ. ಎಷ್ಟೋ ಜನ ಅದೇ ವಾರ ಹಳೆಯ ಬಾರಿಗೆ ಹಾಜರು. 1935ರಲ್ಲಿ ಓಹಾಯೊದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಹಿಡಿದದ್ದು ಬೇರೆಯೇ ದಾರಿ. ಕುಡಿತ ಬಿಟ್ಟು ದಶಕಗಳಾದವರೂ ಅಲ್ಲಿನ ಸಭೆಯಲ್ಲಿ ‘ನಾನೊಬ್ಬ ಮದ್ಯವ್ಯಸನಿ’ ಎಂದೇ ಮಾತು ತೆಗೆಯುವುದುಂಟು. ಹೆಸರು ಕಹಿ, ಆದರೆ ವಾಯಿದೆ ಇಲ್ಲ. ಅದನ್ನೇ ಊರಿನವರು ‘ಕುಡುಕ’ ಎಂದು ಹಂಗಿಸಿದ್ದರೆ ಅಂಥವನು ಸಂಜೆಗೇ ಬಾಟಲಿ ಹಿಡಿಯುತ್ತಿದ್ದನೇನೋ.

ನಮ್ಮಲ್ಲೂ ವಾಯಿದೆ ಇಲ್ಲದ ಪಟ್ಟವೊಂದಿದೆ: ಗುರುಸ್ವಾಮಿ. ವರ್ಷ ವರ್ಷವೂ ಮಲೆಗೆ ಹೋಗಿ ಪಳಗಿದ ಅವನ ಕೈಯಲ್ಲೇ ಮೊದಲ ಸಲ ಹೊರಟ ಕನ್ನಿಸ್ವಾಮಿಗಳು ಮಾಲೆ ಹಾಕಿಸಿಕೊಳ್ಳಬೇಕು, ಇರುಮುಡಿ ಕಟ್ಟಿಸಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಅವನು ತೂರಾಡುತ್ತಾ ಬಾರಿನ ಮೆಟ್ಟಿಲು ಇಳಿದನೆಂದರೆ, ನವೆಂಬರ್‌ಗೆ ಹುಡುಗರು ಬೇರೆ ಗುರುಸ್ವಾಮಿಯನ್ನು ಹುಡುಕಿಕೊಳ್ಳುತ್ತಾರೆ.